ಕುರಿಗೊಂದು ನಕ್ಷತ್ರ

ಕೋಪಿಷ್ಠರೆಲ್ಲ ತಮ್ಮನ್ನು ಶಿಸ್ತಿನ ಮನುಷ್ಯರೆಂದೇ ನಂಬಿಕೊಂಡಿರುತ್ತಾರೆ. ಮದ್ದೂರಿನ ಕಾಲೇಜೊಂದರಲ್ಲಿ ಕನ್ನಡ ವ್ಯಾಕರಣ ಹೇಳುವ ನಾನೂ ಅದೇ ಗುಂಪಿನವನು. ವಿಭಕ್ತಿ ತಪ್ಪಿದ್ದಕ್ಕೆ ಮದುವೆಯ ಆಮಂತ್ರಣ ಪತ್ರಿಕೆಯನ್ನೂ ತಿದ್ದಿ ಹಿಂದಿರುಗಿಸಿದ್ದೇನೆ. ಆ ಮದುವೆಯಲ್ಲಿ ನನ್ನನ್ನು ಯಾರೂ ಊಟಕ್ಕೆ ಏಳಿ ಎನ್ನಲಿಲ್ಲ, ಅದು ಬೇರೆ ಮಾತು.

ಮಗಳು ಸುಮಾ ಮೈಸೂರಿನಲ್ಲಿ ಭಾಷಾವಿಜ್ಞಾನದ ಎಂ.ಎ. ಓದುತ್ತಾಳೆ. ಕಳೆದ ತಿಂಗಳು ಊರಿಗೆ ಬಂದವಳು, ಮರುದಿನ ಒಪ್ಪಿಸಬೇಕಿದ್ದ ಕೈಬರಹದ ಪ್ರಬಂಧವನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ಬಿಡಿಸಿ ನೋಡಿದೆ. ರಷ್ಯನ್, ಪೋಲಿಷ್ ಮುಂತಾದ ಭಾಷೆಗಳಿಗೆ ತಾಯಿಯಾದ ಮೂಲ ಸ್ಲಾವಿಕ್‌ನಲ್ಲಿ ಕುರಿಗೆ 'ಒವಿತ್ಸ' ಎನ್ನುತ್ತಿದ್ದರಂತೆ. ನಮ್ಮ ಸಂಸ್ಕೃತದ 'ಅವಿಕಾ'ಕ್ಕೆ ಅದು ದಾಯಾದಿ. ಕುರಿಯನ್ನು ಎನ್ನಲು 'ಒವಿತ್ಸೊಂ', ಕುರಿಗೆ ಎನ್ನಲು 'ಒವಿತ್ಸಿ'. ಓದುತ್ತಾ ಹಿಗ್ಗಿದೆ. ಆದರೆ ಪ್ರತಿ ರೂಪದ ಮುಂದೂ ಒಂದೊಂದು ನಕ್ಷತ್ರದ ಗುರುತು! ಇದೇನು ಪ್ರಬಂಧವೋ ಪಂಚಾಂಗವೋ? ಮೈ ಉರಿಯಿತು. ವೈಟ್ನರ್ ತಂದು ಒಂದೊಂದನ್ನೇ ಅಳಿಸತೊಡಗಿದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನನ್ನ ಅವ್ವ. ಬಂಡೂರಿನವಳು, ಕುರಿ ಸಾಕಿಯೇ ನನ್ನನ್ನು ಓದಿಸಿದವಳು.

"ಲೇ, ಮಗೀನ ಒಂದ್ಮಾತು ಕೇಳ್ದೆ ಯಾಕ್ಲಾ ಅಳುಸ್ತೀಯೆ?" ಎಂದಳು.

"ನಿಂಗೇನ್ ಗೊತ್ತಾಯ್ತದೆ, ಸುಮ್ನಿರವ್ವ" ಎಂದು ರೇಗಿದೆ.

ತಲೆ ಒರೆಸಿಕೊಳ್ಳುತ್ತಾ ಬಂದ ಸುಮಾ ಹಾಳೆ ನೋಡಿ ಬೆಚ್ಚಿದಳು. "ಅಪ್ಪಾ, ನಕ್ಷತ್ರ ಎಲ್ಲಿ?"

"ಕಸ ಗುಡಿಸಿದ್ದೀನಿ."

"ಅದು ಕಸ ಅಲ್ಲಪ್ಪ! ಈ ಪದಾನ ಆ ಕಾಲದಲ್ಲಿ ಯಾರೂ ಬರೆದಿಟ್ಟಿಲ್ಲ. ಈಗಿನ ಭಾಷೆಗಳನ್ನ ಹೋಲಿಸಿ, ಹೀಗಿದ್ದಿರಬೇಕು ಅಂತ ವಿದ್ವಾಂಸರು ಕಟ್ಟಿದ್ದಾರೆ. ಊಹೆ ಅಂತ ಒಪ್ಪಿಕೊಳ್ಳೋಕೇ ಆ ನಕ್ಷತ್ರ. ಅದಿಲ್ದಿದ್ರೆ ನಾನು ಸುಳ್ಳು ಬರೆದ ಹಾಗೆ."

ಆಗಲಾದರೂ ನಾನು ತಗ್ಗಬೇಕಿತ್ತು. "ಇಲ್ಲದ ಪದಕ್ಕೆ ವಿಭಕ್ತಿ ಬೇರೆ ಕೇಡು!" ಎಂದು ಮನೆ ಹಾರಿಹೋಗುವಂತೆ ಕೂಗಿದೆ. ಅವಳ ಕಣ್ಣು ತುಂಬಿತು.

ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. "ಗೊತ್ತಿಲ್ದಿದ್ನ ಗೊತ್ತಿಲ್ಲ ಅಂತ ಬರ್ದವ್ಳೆ ಕಣ್ಲಾ. ನಿನ್ ಬಾಯಲ್ಲಿ ಆ ಮಾತು ಒಂದ್ ದಿನಾನಾರ ಬಂದದಾ? ಕುಂತ್ಕೊಂಡು ಎಲ್ಲಾನೂ ತಿರ್ಗ ಬರ್ಕೊಡು."

ಕಾಲೇಜಿನಲ್ಲಿ ನನ್ನನ್ನು ಕಂಡರೆ ಹುಡುಗರು ದಾರಿ ಬದಲಿಸುತ್ತಾರೆ. ಮನೆಯಲ್ಲಿ ತೆಪ್ಪಗೆ ಕುಳಿತೆ. ಒಣಗಿದ ವೈಟ್ನರ್ ಮೇಲೆ ಪೆನ್ನು ಜಾರುತ್ತಿತ್ತು. ಹಲ್ಲು ಕಚ್ಚಿಕೊಂಡು ಒಂದೊಂದೇ ನಕ್ಷತ್ರ ಕೂರಿಸಿದೆ. ಮುಗಿಯಿತೆಂದು ಮುಚ್ಚಳ ಹಾಕುವಷ್ಟರಲ್ಲಿ ಸುಮಾ ಹಾಳೆಯ ತಳದಲ್ಲಿ ಬೆರಳಿಟ್ಟಳು.

"ಇದೊಂದು ಬಿಟ್ಟಿದ್ದೀಯ. ಒವಿತ್ಸೆ."

"ಇದ್ಯಾವ ವಿಭಕ್ತಿ?"

"ಸಂಬೋಧನೆ. 'ಎಲೈ ಕುರಿಯೇ' ಅಂತ."

"ಏನಮ್ಮಾ?" ಎಂದು ಓಗೊಟ್ಟೆ.