ಬೆನ್ನ ಮೇಲಿನ ಜಡೆ

ಚಲುವಮ್ಮನಿಗೆ ಆ ದಿನ ಸಿಟ್ಟು ಬಂದದ್ದು ಬಸ್ಸು ಹತ್ತುವ ಮೊದಲೇ. ಗುಡ್ಡೆಹೊಸೂರಿನ ಸ್ಟಾಪಿನಲ್ಲಿ ನಿಂತಿದ್ದಾಗ ಯಾರೋ ಹಿಂದಿನಿಂದ ಅವಳ ಸ್ವೆಟರಿನ ಅಂಚು ಮಡಚಿ ಒಳಗಡೆ ನೋಡಿದರು. ತಿರುಗಿದರೆ ಪಕ್ಕದ ಮನೆಯ ರಂಜಿತಾ. ಮೂಗು ಬೆನ್ನಿಗೆ ತಾಗುವಷ್ಟು ಹತ್ತಿರ ನಿಂತು ಕುಣಿಕೆ ಎಣಿಸುತ್ತಿದ್ದಳು.

ಹೆಣಿಗೆಯ ಹೆಂಗಸರ ಹಳೇ ಚಾಳಿ ಇದು. ಚೆಂದದ ಸ್ವೆಟರ್ ಕಂಡರೆ ಹಾಕಿಕೊಂಡವರ ಮುಖ ಯಾರಿಗೆ ಬೇಕು? ಸೀದಾ ಬೆರಳು ಮಡಚಿ ಎಣಿಸಲು ಶುರು. ಅದಕ್ಕೆ ಡಿಸೈನ್ ಎತ್ತುವುದು ಎಂದು ಮರ್ಯಾದೆಯ ಹೆಸರು ಬೇರೆ.

“ಕೈ ತೆಗಿಯೇ. ಇವತ್ತೊಂದಿನ ನನ್ನ ಬಿಟ್ಬಿಡು” ಎಂದಳು ಚಲುವಮ್ಮ.

“ನೋಡಿದ್ರೆ ಸವೆದೋಗ್ತದಾ ಅಕ್ಕ? ಬೆನ್ನಿಗೆ ಇಷ್ಟು ಚೆಂದದ ಜಡೆ ಡಿಸೈನ್ ಹೆಣೆದು ಮುಂದೆ ಯಾಕೆ ಸಾದಾ ಬಿಟ್ಟಿದೀರಿ?”

“ಅದೇ ಹೊಸತು.”

“ಭುಜದ ಹತ್ರ ಜಡೆಯ ಒಂದು ತಿರುವು ಉಲ್ಟಾ ಬಿದ್ದದೆ.”

“ಅದೂ ಡಿಸೈನೇ ಕಣೇ. ತಿಳೀದಿದ್ರೆ ಬಾಯಿ ಮುಚ್ಕೊಂಡಿರು.”

ಸಿಟ್ಟಿಗೆ ಕಾರಣವಿತ್ತು. ಸುಂಟಿಕೊಪ್ಪದ ಸಮುದಾಯ ಭವನದಲ್ಲಿ ಅಂದು ಹೆಣಿಗೆಯವರಿಗೆ ತರಬೇತಿ. ಮಡಿಕೇರಿಯಲ್ಲಿ ಉಣ್ಣೆ ಬಟ್ಟೆಯ ಅಂಗಡಿ ಇಟ್ಟಿರುವ ಹಂಸಿನಿ ಎಂಬಾಕೆ ಸಂಜೆ ಅಲ್ಲಿಗೆ ಬಂದು, ಪ್ರವಾಸಿಗರಿಗೆ ಮಾರುವ ಸ್ವೆಟರುಗಳ ಆರ್ಡರನ್ನು ಒಬ್ಬಳಿಗೆ ಕೊಡುವವಳಿದ್ದಳು. ಸಿಕ್ಕರೆ ಚಲುವಮ್ಮ ಚಳಿಗಾಲವೆಲ್ಲ ಮನೆಯಲ್ಲೇ ಕೂತು ಹೆಣೆಯಬಹುದು. ಇಲ್ಲದಿದ್ದರೆ ಮತ್ತೆ ಎಸ್ಟೇಟಿನ ಜೀಪು ಹತ್ತಿ ಕಾಫಿ ಪಿಕಿಂಗಿಗೆ ಹೋಗಬೇಕು. ಹೋದ ವರ್ಷ ತೋಟದ ಇಳಿಜಾರಿನಲ್ಲಿ ಜಾರಿಬಿದ್ದ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಈ ಸ್ವೆಟರೇ ಅವಳ ಆಸೆ, ಅದನ್ನೇ ಮೈಮೇಲೆ ಹಾಕಿಕೊಂಡು ಹೊರಟಿದ್ದಳು.

ತರಬೇತಿ ಕೊಡಲು ಬಂದವನು ಜಯಪ್ರಕಾಶ್. ಹೆಣಿಗೆ ಕಡ್ಡಿಯ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿಲ್ಲದ ಮನುಷ್ಯ, ಮಧ್ಯಾಹ್ನದವರೆಗೆ ನೆಟ್‌ವರ್ಕಿಂಗ್ ಬಗ್ಗೆ ಮಾತಾಡಿದ. ಅಕ್ಕಪಕ್ಕದವರ ಕೈಕುಲುಕಿಸಿದ. ಎಲ್ಲರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ಆಮೇಲೆ ಅವನ ಕಣ್ಣು ಚಲುವಮ್ಮನ ಮೇಲೆ ಬಿತ್ತು.

“ಅಕ್ಕ, ಸ್ಟೇಜಿಗೆ ಬನ್ನಿ. ಹಾಗೇ ತಿರುಗಿ ನಿಲ್ಲಿ. ಜ್ಞಾನ ಹಂಚಿಕೊಂಡಷ್ಟೂ ಬೆಳೀತದೆ.”

“ನನ್ನದು ಬೆಳೆಯೋದು ಬೇಡ ಸಾರ್” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಭವನದಲ್ಲಿದ್ದ ಹೆಂಗಸರೆಲ್ಲ ಮೊಬೈಲು ಎತ್ತಿದ್ದರು. ಚಲುವಮ್ಮನ ಬೆನ್ನು ಗ್ರೂಪಿಗೆ ಹೋಯಿತು. ಊಟದ ಹೊತ್ತಿನಲ್ಲಿ ಒಬ್ಬಳು ಚಿತ್ರಾನ್ನದ ಕೈಯಲ್ಲೇ ಜಡೆಯನ್ನು ಎಳೆದು ನೋಡಿದಳು. ಊಟವಾದ ಮೇಲೆ, ಪ್ರತಿಯೊಬ್ಬರೂ ಅಂಗೈ ಅಗಲದ ಒಂದು ಸ್ಯಾಂಪಲ್ ಹೆಣೆದು ತೋರಿಸಬೇಕೆಂದು ಜಯಪ್ರಕಾಶ್ ಹೇಳಿದ. ಬೇರೆ ಡಿಸೈನ್ ಯೋಚಿಸುವ ಕಷ್ಟ ಯಾರಿಗೆ ಬೇಕಿತ್ತು? ನೋಡನೋಡುತ್ತಿದ್ದಂತೆ ಅಲ್ಲಿದ್ದ ಎಲ್ಲ ಕಡ್ಡಿಗಳ ಮೇಲೂ ಅವಳದೇ ಜಡೆ ಬೆಳೆಯತೊಡಗಿತು.

ಚಲುವಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಜಯಪ್ರಕಾಶನ ಕೈಯಿಂದ ಮೈಕು ಕಿತ್ತುಕೊಂಡಳು.

“ನಾಚಿಕೆ ಆಗಲ್ವಾ ನಿಮಗೆ? ನಿದ್ದೆಗೆಟ್ಟು ನನ್ನ ತಲೆಯಿಂದ ತೆಗೆದ ಡಿಸೈನ್ ಇದು. ಇನ್ನೊಬ್ಬಳ ಬೆನ್ನು ನೋಡಿ ಹೆಣೆಯೋದೂ ಒಂದು ಬದುಕಾ? ಕಳ್ಳಿಯರು ನೀವು, ಒಬ್ಬೊಬ್ಬರೂ.”

ಹಿಂದಿನ ಸಾಲಿನಲ್ಲಿ ಯಾವಾಗಲೋ ಬಂದು ಕೂತಿದ್ದ, ಶಾಲು ಹೊದ್ದ ಹೆಂಗಸೊಬ್ಬಳು ಎದ್ದು ಬಂದಳು. “ಬನ್ನಿ ಹಂಸಿನಿ ಮೇಡಂ” ಎಂದು ಜಯಪ್ರಕಾಶ್ ಕುರ್ಚಿ ಎಳೆದ. ಹಂಸಿನಿ ಕೂರಲಿಲ್ಲ. ಚಲುವಮ್ಮನ ಹಿಂದೆ ಹೋಗಿ ನಿಂತಳು.

“ನಿಮ್ಮದೇ ಡಿಸೈನಾ ಇದು?”

“ನಂದೇ ಮೇಡಂ.”

“ಈ ಉಲ್ಟಾ ತಿರುವು?”

“ಅದೂ ನಂದೇ. ಬೇಕಂತಲೇ ಹಾಕಿದ್ದು.”

ಹಂಸಿನಿ ಶಾಲು ತೆಗೆದು ತಿರುಗಿ ನಿಂತಳು. ಅವಳ ಸ್ವೆಟರಿನ ಬೆನ್ನ ಮೇಲೆ ಅದೇ ಜಡೆ, ಭುಜದ ಹತ್ತಿರ ಅದೇ ಉಲ್ಟಾ ತಿರುವು.

“ಟಿವಿ ನೋಡ್ತಾ ಹೆಣೆದು ತಪ್ಪಿದ್ದೆ. ಬಿಚ್ಚೋಕೆ ಸೋಮಾರಿತನ ಅಂತ ಹಾಗೇ ಬಿಟ್ಟೆ” ಎಂದಳು. “ಹೋದ ಡಿಸೆಂಬರಿನಲ್ಲಿ ಹಾರಂಗಿ ಡ್ಯಾಮಿನ ಹತ್ತಿರ ಯಾರೋ ನನ್ನ ಹಿಂದೆ ಹಿಂದೆಯೇ ಬರ್ತಿದ್ರು. ಸರ ಕೀಳೋರು ಅಂತ ಹೆದರಿ, ತಿರುಗಿಯೂ ನೋಡದೆ ಕಾರು ಹತ್ತಿಬಿಟ್ಟೆ.” ನಂತರ ನಿಧಾನವಾಗಿ ಈಚೆ ತಿರುಗಿದಳು. ಮುಂಭಾಗದ ತುಂಬ ಜಡೆಗಳು, ನಡುನಡುವೆ ಪುಟ್ಟ ಹೂವುಗಳು. “ಮುಂದೆ ಏನಿದೆ ಅಂತ ಪಾಪ, ನಿಮಗೆ ನೋಡೋಕೇ ಆಗ್ಲಿಲ್ಲ ಅಲ್ವಾ?”

ಚಲುವಮ್ಮನ ಕೈಯಲ್ಲಿ ಮೈಕು ಹಾಗೇ ಇತ್ತು. ಅದನ್ನು ಜಯಪ್ರಕಾಶನ ಕೈಗೆ ತುರುಕಿ, ಹೋಗಿ ತನ್ನ ಜಾಗದಲ್ಲಿ ಕೂತಳು.

ಹಂಸಿನಿ ಒಂದೊಂದೇ ಸ್ಯಾಂಪಲ್ ಕೈಗೆತ್ತಿ ನೋಡಿದಳು. ಎಲ್ಲರೂ ಆ ತಪ್ಪನ್ನು ಒಂದು ಕುಣಿಕೆಯೂ ಬಿಡದೆ ಹೆಣೆದಿದ್ದರು. ರಂಜಿತಾಳ ಜಡೆ ಮಾತ್ರ ನೆಟ್ಟಗಿತ್ತು.

“ತಪ್ಪು ಅಂತ ಬೆಳಿಗ್ಗೆಯೇ ಹೇಳಿದ್ದೆ ಮೇಡಂ, ಅಕ್ಕ ಬೈದ್ರು” ಎಂದಳು ರಂಜಿತಾ. ಆರ್ಡರು ಅವಳಿಗೇ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ರಂಜಿತಾ ಪಕ್ಕಕ್ಕೇ ಬಂದು ಕೂತಳು. “ಅಕ್ಕ, ನನ್ನೊಬ್ಳಿಂದ ಆಗಲ್ಲ. ಬೆನ್ನಿನ ಭಾಗ ನೀವು ಹೆಣೀರಿ. ಆ ಒಂದು ತಿರುವು ಮಾತ್ರ ನೋಡ್ಕೊಂಡು ಹಾಕಿ.”

“ನಿನ್ನ ಕೈಕೆಳಗೆ ಹೆಣೆಯೋ ಬದ್ಲು ಪಿಕಿಂಗಿಗೇ ಹೋಗ್ತೀನಿ” ಎಂದಳು ಚಲುವಮ್ಮ. ಹೇಳಿದ ಕೂಡಲೇ ಸೊಂಟ ನೋಯಿತು. ಆದರೂ ಮಾತು ವಾಪಸು ತೆಗೆದುಕೊಳ್ಳಲು ಸಿಟ್ಟು ಬಿಡಲಿಲ್ಲ. ಮುಖ ತಿರುಗಿಸಿ ಎದುರು ನೋಡುತ್ತ ಕೂತಳು.

ಮುಂದೆ ಕಂಬಿ ಹಿಡಿದು ನಿಂತಿದ್ದವಳು ಯಾರೋ ಹೆಂಗಸು. ಸ್ವೆಟರಿನ ಬೆನ್ನ ತುಂಬ ಮೆಣಸಿನ ಬಳ್ಳಿಯ ಎಲೆಗಳಂಥ ಹೆಣಿಗೆ, ಎಲ್ಲೂ ಕಾಣದ್ದು. ಚಲುವಮ್ಮ ಹಲ್ಲು ಕಚ್ಚಿಕೊಂಡೇ ಬೆರಳು ಮಡಚತೊಡಗಿದಳು. ಬೆನ್ನು ಪೂರ್ತಿ ಮುಗಿಯಿತು. ಈ ಸಲ ಮುಂಭಾಗವನ್ನೂ ಬಿಡಬಾರದೆಂದು ಎದ್ದು, ಆ ಹೆಂಗಸಿನ ಎದುರಿಗೇ ಹೋಗಿ ಬಗ್ಗಿ ನಿಂತಳು.

“ಅಕ್ಕ, ಇಳೀರಿ, ಊರು ಬಂತು” ಎಂದು ರಂಜಿತಾ ಆಗಲೇ ರಸ್ತೆಯಲ್ಲಿ ನಿಂತು ಕೂಗುತ್ತಿದ್ದಳು. ಚಲುವಮ್ಮ ಕುಣಿಕೆಯ ಲೆಕ್ಕ ತಪ್ಪೀತೆಂದು ತಲೆ ಎತ್ತಲಿಲ್ಲ. ಬಸ್ಸು ಹೊರಟಿತು.