ಕಂತಿಗೆ ಟೈಮ್ ಕೇಳಿ ಬರೆದ ಕಾಗದ

ನಮ್ಮನೆಯಲ್ಲಿ ಯಾರಾದರೂ "ಈಗ ಯಾರೂ ನಗಬಾರದು" ಅಂದರೆ ಸಾಕು, ಎಡವಟ್ಟು ಶುರುವಾಯ್ತು ಅಂತಲೇ ಲೆಕ್ಕ. ಈ ಸಲ ಹಾಗೆ ಅಂದಿದ್ದು ಅಪ್ಪ, ಒಂದು ಭಾನುವಾರ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಬೇಲ್ ಇಳಿಸುವಾಗ ಬಿದ್ದು ಅವನ ಬಲಗೈ ಮುರಿದಿತ್ತು. ಲಗೇಜ್ ಆಟೋದ ಮೂರು ಕಂತು ನಿಂತಿದ್ದವು. ನಾಳೆ ಬಂದು ಗಾಡಿ ಎತ್ಕೊಂಡು ಹೋಗ್ತೀವಿ, ಟೈಮ್ ಬೇಕಾದರೆ ಬರವಣಿಗೆಯಲ್ಲಿ ಕೊಡಿ, ನೋಡೋಣ ಅಂತ ಅರಕಲಗೂಡಿನ ಫೈನಾನ್ಸ್ ಮ್ಯಾನೇಜರ್ ಫೋನ್ ಮಾಡಿದ್ದರು. ಗಾಡಿ ಹೋದರೆ ಊಟವೂ ಹೋದಂಗೆ. ಬರೆಯೋಕೆ ಮನೆಯಲ್ಲಿದ್ದ ವಿದ್ವಾಂಸ ನಾನೊಬ್ಬನೇ. ಎಸ್ಸೆಸ್ಸೆಲ್ಸಿ, ಎರಡು ಸಲ ಫೇಲು.

೧. ಗೊತ್ತಿದ್ದ ಒಂದೇ ನಮೂನೆ

ಜೀವನದಲ್ಲಿ ನಾನು ಬರೆದಿರೋದು ರಜಾ ಅರ್ಜಿ ಮಾತ್ರ. ಅದನ್ನಾದರೆ ಕಣ್ಣು ಮುಚ್ಚಿ ಬರೀತೀನಿ. ಬರೆದೂಬಿಟ್ಟೆ.

"ಓದ್ಲಾ" ಅಂದ ಅಪ್ಪ.

"ಮಾನ್ಯರೇ, ಕೈ ಮುರಿದಿರುವ ಕಾರಣ ಮೂರು ತಿಂಗಳು ಕಂತಿಗೆ ಹಾಜರಾಗಲು ಸಾಧ್ಯವಿಲ್ಲ. ದಯವಿಟ್ಟು ರಜೆ ನೀಡಬೇಕಾಗಿ ವಿನಂತಿ. ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿ."

"ಲೇ, ನಾನ್ಯಾವಾಗ್ಲಾ ಅವ್ರತ್ರ ಓದಿದ್ದು?"

"ಫೀಜು ಕಟ್ಟದೆ ಬಾಗ್ಲಾಚೆ ನಿಂತಿರೋನು ವಿದ್ಯಾರ್ಥಿನೇ ಕಣಪ್ಪ."

ಅಪ್ಪ ಹೊಡೆಯೋಕೆ ಕೈ ಎತ್ತಿದ. ಎತ್ತಿದ್ದು ಬ್ಯಾಂಡೇಜಿನ ಕೈ. "ಅಯ್ಯಯ್ಯೋ" ಅಂತ ಕೂಗಿಕೊಂಡವನೂ ಅವನೇ.

೨. ಅಮ್ಮನ ಎರಡು ಸಾಲು

ಎರಡನೇ ಕಾಗದಕ್ಕೆ ಅಮ್ಮ ಒಲೆ ಮುಂದಿನಿಂದಲೇ ಬಾಯಿ ಹಾಕಿದಳು.

"ಮೊದ್ಲು ಮನೆಯೋರ್ನ ಇಚಾರಿಸ್ಬೇಕು ಕಣ್ಲಾ. ಬಂದೇಟ್ಗೆ ಸಾಲದ ಮಾತು ಎತ್ತುದ್ರೆ ಏನ್ ಚೆಂದ?"

ಬರೆದೆ: 'ನಿಮ್ಮ ಹೆಂಡತಿ ಮಕ್ಕಳು ಸದ್ಯಕ್ಕೆ ಕ್ಷೇಮವಾಗಿದ್ದಾರೆಂದು ತಿಳಿದಿದ್ದೇವೆ.'

"ಇನ್ನೂ ವಸಿ ಪ್ರೀತಿಯಾಗಿ ಬರಿ. ಅವ್ರ ಮಗ ನಮ್ಮ ಬೀದಿ ತುದೀಲೇ ಸ್ಕೂಲ್ ವ್ಯಾನ್ ಹತ್ತೋದು. ಮುದ್ದು ಕೂಸು. ಅದ್ನೂ ಹಾಕು."

ಹಾಕಿದೆ: 'ನಿಮ್ಮ ಮಗ ಒಬ್ಬನೇ ವ್ಯಾನ್ ಹತ್ತುವುದನ್ನು ದಿನಾ ನೋಡುತ್ತಿರುತ್ತೇವೆ.'

"ಈಗ ನೋಡು, ಕಲ್ಲು ಕರಗ್ಬೇಕು" ಅಂದಳು ಅಮ್ಮ. ಕಲ್ಲು ಕರಗುತ್ತೋ, ಎದ್ದು ನಮ್ಮ ತಲೆ ಮೇಲೇ ಬೀಳುತ್ತೋ ಅಂತ ನನಗೆ ಅನುಮಾನ ಬಂತು. ಆದರೂ, ನೋಡೇಬಿಡೋಣ ಅಂತ ಕಾಗದ ಮಡಚಿಟ್ಟೆ.

೩. ತೊಳೆದ ಗಾಡಿ

"ಗಾಡೀನ ಎಷ್ಟು ಚೆಂದಾಗಿ ಮಡ್ಗಿವ್ನಿ ಅಂತ ಕಣ್ಣಾರೆ ನೋಡುದ್ರೆ ಅವ್ರಿಗೂ ನಂಬ್ಕೆ ಬತ್ತದೆ" ಅಂತ ಅಪ್ಪನ ತರ್ಕ. ಸೋಮವಾರ ಬೆಳಿಗ್ಗೆ ಗಾಡಿ ತೊಳೆಸಿ, ಸೇವಂತಿಗೆ ಹಾರ ಹಾಕಿಸಿ, ಪಕ್ಕದ್ಮನೆ ಅಣ್ಣನ ಕೈಲಿ ಓಡಿಸ್ಕೊಂಡು ಸೀದಾ ಫೈನಾನ್ಸ್ ಬಾಗಿಲಿಗೇ ತಂದು ನಿಲ್ಲಿಸಿದ.

ಅಲ್ಲಿ ಸೀಜ್ ಮಾಡೋ ಹುಡುಗರಿಬ್ಬರು ನಮ್ಮನೆಗೇ ಹೊರಡೋಕೆ ಬೈಕ್ ಸ್ಟಾರ್ಟ್ ಮಾಡಿಕೊಂಡಿದ್ದರು. ಒಬ್ಬ ನಮ್ಮ ನಂಬರ್ ಪ್ಲೇಟ್ ನೋಡಿದ, ಕೈಲಿದ್ದ ಚೀಟಿ ನೋಡಿದ, ಬೈಕ್ ಆಫ್ ಮಾಡಿದ. ಬಂದವನೇ ಕೀ ಕಿತ್ಕೊಂಡ. ಅಪ್ಪನ ಮುಖ ಸುಣ್ಣದಂಗಾಯ್ತು.

"ಎಷ್ಟೋ ಗಾಡಿ ಎತ್ತಿದೀವಿ ಯಜಮಾನ್ರೇ" ಅಂದ ಅವನು. "ಹಾರ ಹಾಕಿ ಮನೆ ತುಂಬಿಸಿಕೊಟ್ಟೋರು ನೀವೇ ಮೊದ್ಲು."

೪. ಮ್ಯಾನೇಜರ್ ಓದಿದ್ದು

ಒಳಗೆ ಮ್ಯಾನೇಜರ್ ಮೇಜಿನ ಮುಂದೆ ಅಪ್ಪ ಎಡಗೈಯಲ್ಲಿ ಕಾಗದ ಚಾಚಿದ. ನನಗೆ ತಮಾಷೆಯೆಲ್ಲಾ ಇಳಿದುಹೋಗಿತ್ತು. ಮ್ಯಾನೇಜರ್ ಮೊದಲ ಸಾಲು ಓದಿ ಕನ್ನಡಕ ಸರಿ ಮಾಡಿಕೊಂಡರು. ಎರಡನೇ ಸಾಲಿಗೆ ಎದ್ದೇ ನಿಂತರು.

"ಏನ್ರೀ ಇದು, ಧಮ್ಕಿನಾ? ನನ್ನ ಮಗನ ವಿಷಯ ಯಾಕ್ರೀ ಬಂತು?"

ಅಪ್ಪ ಎಡಗೈ ಎದೆಗಿಟ್ಟು ನಕ್ಕ. "ದಿನಾ ನೋಡ್ತೀವಿ ಸಾ. ನಮ್ಮನೆಯೋಳು ಅವನಿಗೋಸ್ಕರಾನೇ ಬಾಗ್ಲಲ್ಲಿ ಕಾಯ್ತಿರ್ತಾಳೆ."

ಮ್ಯಾನೇಜರ್ ಕೈ ಮೊಬೈಲಿಗೆ ಹೋಯಿತು. ನಾನು ಅವರ ಕಾಲಿಗೇ ಬಿದ್ದೆ. "ಬರ್ದೋನು ನಾನು ಸಾ! ಅಮ್ಮ ಕ್ಷೇಮ ಇಚಾರಿಸಿದ್ದು ಸಾ!"

ಅಷ್ಟರಲ್ಲಿ ಅದೇ ಮೊಬೈಲ್ ಹೊಡೆದುಕೊಂಡಿತು. ಹಾಸನದ ಹೆಡ್ಡಾಫೀಸು. ಮ್ಯಾನೇಜರ್ ದನಿ ಅಪ್ಪನ ದನಿಯಂಗೇ ಆಗೋಯ್ತು. "ಸಾರ್... ಈ ತಿಂಗಳು ವಸೂಲಿ ಆಗಿಲ್ಲ ಸಾರ್... ಸ್ವಲ್ಪ ಟೈಮ್ ಕೊಡಿ ಸಾರ್... ಬರವಣಿಗೆಯಲ್ಲೇ ಬೇಕಾ? ಆಯ್ತು ಸಾರ್."

ಫೋನ್ ಇಟ್ಟು ನಮ್ಮ ಕಡೆ ತಿರುಗಿದರು. ನಮ್ಮೆದುರಿಗೇ ಟೈಮ್ ಬೇಡಿದ ಮೇಲೆ ನಮಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅಂತ ಕಾಣುತ್ತೆ. "ಎರಡು ತಿಂಗಳು ಅಷ್ಟೇ. ಕೀ ಕೊಡ್ರೋ ಇವರಿಗೆ" ಅಂದರು. ಅಪ್ಪ ಎಡಗೈಲೇ ಕೀ ಇಸ್ಕೊಂಡ.

ನಾನು ಮೆಲ್ಲಗೆ ಜಾರುತ್ತಿದ್ದೆ. ಮ್ಯಾನೇಜರ್ ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು.

"ಬಾರೋ ಇಲ್ಲಿ. ನೀನು ಬರೆದಿದ್ದಕ್ಕೆ ನಾನೇ ಎದ್ದು ನಿಂತೆ. ಹೆಡ್ಡಾಫೀಸಿನೋರೂ ಒಂದ್ಸಲ ಎದ್ದು ನಿಲ್ಲಲಿ. ನನಗೊಂದು ಬರ್ಕೊಡು."

"ಎಷ್ಟು ದಿನ ಕೇಳ್ಲಿ ಸಾ?"

ಅವರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಬಾಗಿ ನನ್ನ ಕಿವಿಯಲ್ಲಿ ಅಂದರು:

"ನಿಮ್ಮಪ್ಪ ನಿಜವಾಗ್ಲೂ ಯಾವತ್ತು ಕಟ್ತಾನೆ ಹೇಳು. ಅದರ ಮೇಲೆ ಒಂದು ವಾರ ಹಾಕು."