ಬಸಲಿಂಗಪ್ಪನ ಒಪ್ಪಿಗೆ

"ಈ ತಿಂಗಳ ಮುಗಿಯೂದ್ರೊಳಗ ಕೇಬಲ್ಲು, ಇಂಟರ್ನೆಟ್ಟು ಎರಡೂ ಒಂದ ಬಿಲ್ಲಿನ್ಯಾಗ ತರತೇನಿ, ಅದೂ ಅರ್ಧಕ್ಕ. ತರಲಿಲ್ಲಂದ್ರ ನನ್ನ ಹೆಸರು ಮಲಕಾಜಪ್ಪನ ಅಲ್ಲ," ಎಂದು ಮುನವಳ್ಳಿಯ ಬೀಜದಂಗಡಿ ಮಲಕಾಜಪ್ಪ ಪಡಸಾಲೆಯ ನಡುವೆ ನಿಂತು ಸಾರಿದಾಗ, ಹೆಂಡತಿ ಪದ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೆಸರು ಬದಲಿ ಮಾಡಬೇಕಂದ್ರ ಆಧಾರ್ ಕಾರ್ಡ್ ತಿದ್ದಿಸಬೇಕಾಗತೈತ್ರಿ. ಅದಕ್ಕೂ ಖರ್ಚ ಐತಿ," ಎಂದಳು.

ಮಲಕಾಜಪ್ಪನಿಗೆ ಬೇರೆ ಚಟವಿರಲಿಲ್ಲ, ಬೆಲೆ ಹೋಲಿಸುವುದೊಂದೇ. ಬದನೆಕಾಯಿ ಕೊಳ್ಳಲೂ ಇಡೀ ಸಂತೆ ಸುತ್ತಿ, ಮೊದಲಿನ ಬುಟ್ಟಿಗೇ ಮರಳುವ ಮನುಷ್ಯ. ಊರಿನ ಎಲ್ಲ ಕಂಪನಿಗಳ ಚೀಟಿಗಳನ್ನು ಹಾಸಿಗೆಯ ಮೇಲೆ ಹರವಿಕೊಂಡು, ಹೆಣ್ಣು ನೋಡಲು ಹೋದವನ ಹಾಗೆ ಒಂದೊಂದರ ಕುಂದು ಹುಡುಕಿದ. ಕಡೆಗೆ ಒಂದು ದೊಡ್ಡ ಕಂಪನಿ ಮನಸ್ಸಿಗೆ ಬಂತು. ಹಳೆಯ ಕೇಬಲ್ ತೆಗೆಸಿ ಅವರ ಕಡೆ ಬಂದರೆ ಎಲ್ಲವೂ ಅರ್ಧ ಬೆಲೆ. ಒಂದೇ ತೊಡಕು. ಕೇಬಲ್ ಯಾರ ಹೆಸರಿನಲ್ಲಿದೆಯೋ ಅವರೇ ಫೋನಿನಲ್ಲಿ ಬಾಯಿಬಿಟ್ಟು ಒಪ್ಪಬೇಕು.

ಕೇಬಲ್ ಇದ್ದದ್ದು ಅವನ ಅಪ್ಪ ಬಸಲಿಂಗಪ್ಪನ ಹೆಸರಿನಲ್ಲಿ. ಬಸಲಿಂಗಪ್ಪ ಲಿಂಗೈಕ್ಯನಾಗಿ ವರ್ಷಗಳೇ ಆಗಿದ್ದವು.

ಇನ್ನೊಂದು ತೊಡಕು ಅವ್ವ ತಾಯವ್ವ. ಊರಿಗೆಲ್ಲ ಕೇಬಲ್ ಕೊಡುವ ಮುತ್ತಪ್ಪ ದೀಪ ಹಚ್ಚುವ ಹೊತ್ತಿಗೆ ತನ್ನದೇ ಚಾನೆಲ್ಲಿನಲ್ಲಿ ಊರಿನ ಸುದ್ದಿ ಹಾಕುತ್ತಿದ್ದ. ಯಾರ ಎಮ್ಮೆ ಕಳೆದಿದೆ, ಯಾರು ಹೋದರು, ಯಾರ ಪುಣ್ಯಸ್ಮರಣೆ. ಸತ್ತವರ ಫೋಟೋಗಳು ಶಹನಾಯಿಯ ಜೊತೆ ಒಂದೊಂದಾಗಿ ಬಂದು, ನೋಡುವವರನ್ನೇ ನೆಟ್ಟ ಕಣ್ಣಿನಿಂದ ನೋಡಿ ಹೋಗುತ್ತಿದ್ದವು. ಬಸಲಿಂಗಪ್ಪನೂ ವರ್ಷಕ್ಕೊಮ್ಮೆ ಬರುತ್ತಿದ್ದ. ದೊಡ್ಡ ಕಂಪನಿಯಲ್ಲಿ ಆ ಚಾನೆಲ್ ಇರಲಿಲ್ಲ.

"ಬರೂ ಸೋಮವಾರ ಅವರ ಸ್ಮರಣಿ ಐತಿ. ಕೇಬಲ್ ಮುಟ್ಟಬ್ಯಾಡ," ಎಂದಳು ತಾಯವ್ವ.

"ಯವ್ವಾ, ಅಪ್ಪನ ಫೋಟೋ ಗ್ವಾಡಿ ಮ್ಯಾಲ ಐತೆಲ್ಲ. ದಿನಾ ನೋಡು, ಬಿಟ್ಟಿ."

"ಗ್ವಾಡಿ ಮ್ಯಾಲಿನವರು ಇದ್ದಲ್ಲೇ ಇರತಾರ. ಟಿ.ವಿ.ಯಾಗ ಆದ್ರ ಬಂದು ಹೋಗತಾರ."

ಅರ್ಧ ಬೆಲೆ ಹೊಕ್ಕ ಕಿವಿಯಲ್ಲಿ ಈ ಮಾತಿಗೆ ಜಾಗವಿರಲಿಲ್ಲ. ಅಪ್ಪನ ಹಳೆಯ ಫೋನು, ಕೇಬಲ್ ಬಿಲ್ಲಿನ ಮೇಲಿದ್ದ ಅದೇ ನಂಬರಿನದು, ಈಗ ತಾಯವ್ವನ ಹತ್ತಿರವಿತ್ತು. ಅವಳು ಹಿತ್ತಲಿಗೆ ಹೋದದ್ದು ನೋಡಿ ಮಲಕಾಜಪ್ಪ ಅದನ್ನೆತ್ತಿಕೊಂಡು ಕಾಳಿನ ಕೋಣೆ ಹೊಕ್ಕು ಕದ ಮುಂದೆ ಮಾಡಿದ. ಒಳಗೆ ಕತ್ತಲು, ಜೋಳದ ಚೀಲಗಳು, ಮೂಲೆಯಲ್ಲಿ ಅಪ್ಪನ ಊರುಗೋಲು. ಹೇಳಿದ ಹೊತ್ತಿಗೆ ಕಂಪನಿಯ ಹುಡುಗಿಯ ಕರೆ ಬಂತು.

"ಬಸಲಿಂಗಪ್ಪ ಅವ್ರೇನ್ರಿ?"

ಮಲಕಾಜಪ್ಪ ದನಿಯನ್ನು ಹೊಟ್ಟೆಯವರೆಗೆ ಇಳಿಸಿದ. "ಹೂಂ, ನಾನ. ತಗದು ಒಗೀರಿ ಆ ಕೇಬಲ್ಲ," ಎಂದು ಗದರಿ, ಆಮೇಲೆ ಕೆಮ್ಮಿದ.

ದನಿ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ಫೋನಿಟ್ಟ ಮೇಲೂ ಕೆಮ್ಮು ಕೋಣೆಯಲ್ಲೇ ಉಳಿದಂತಾಗಿ, ಅವನು ಊರುಗೋಲಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಹೊರಬಂದ. ಹೊರಗೆ ಪದ್ಮವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಮಾವಾರ ದನಿ ಕೇಳಿಸ್ತಲ್ರಿ."

"ನಾನ. ಹೆಂಗ ಬಂತು?"

ಅವಳು ನಗಲಿಲ್ಲ. "ಸತ್ತವರ ದನಿ ಕಡಾ ತಂದೀರಿ. ಹೊಳ್ಳಿ ಕೇಳಾಕ ಬಂದ್ರ ಏನ್ ಕೊಡತೀರಿ?"

ಮರುದಿನ ಸಂಜೆ ಮಲಕಾಜಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ. ಕರೆಂಟು ಹೋಗಿತ್ತು. ಮನೆಯೊಳಗಿನಿಂದ ಅಪ್ಪ ಕೆಮ್ಮಿದ.

"ಸಾಕ್ ಮಾಡ್ರಿ, ಅಂಜಿಕಿ ಬರತೈತಿ," ಎನ್ನುತ್ತ ಬಾಗಿಲಿಗೆ ಬಂದ ಪದ್ಮವ್ವ, ಗಂಡ ಹೊರಗಿರುವುದನ್ನು ಕಂಡು ಚೌಕಟ್ಟು ಹಿಡಿದು ನಿಂತಳು. ಇಬ್ಬರೂ ಬಹಳ ಹೊತ್ತು ಒಬ್ಬರ ಬಾಯನ್ನೊಬ್ಬರು ನೋಡಿದರು. ಒಳಗೆ ಹೋಗಲು ಯಾರಿಗೂ ಅವಸರವಿರಲಿಲ್ಲ.

ಕೇಬಲ್ ಕೀಳಲು ಬರಬೇಕಾದವರು ಬರಲಿಲ್ಲ. ಶನಿವಾರ ಮಲಕಾಜಪ್ಪ ಕಂಪನಿಯ ಅಂಗಡಿಗೇ ಹೋದ. ಕರೆ ಮಾಡಿದ್ದ ಹುಡುಗಿ ಶಿವಾನಿ ಕಂಪ್ಯೂಟರ್ ನೋಡಿ ಹೇಳಿದಳು: "ಬಸಲಿಂಗಪ್ಪ ಅಜ್ಜಾರು ನಿನ್ನೆ ಫೋನ್ ಮಾಡಿ ಬ್ಯಾಡ ಅಂದಾರಲ್ರಿ."

"ಯಾರು?"

"ನಿಮ್ಮ ತಂದೆಯವ್ರು. ಅದ ನಂಬರಿನಿಂದನ. ರೆಕಾರ್ಡ್ ಐತಿ, ಕೇಳ್ರಿ."

ಮೊದಲು ಕೆಮ್ಮು. ಹಿಂದೆಯೇ, ಸಮಾಧಿಯ ಒಳಗಿನಿಂದ ಎದ್ದಂತೆ ಗುಂಯ್‌ಗುಡುವ ದನಿ. "ತಂಗೀ, ನಾ ಬಸಲಿಂಗಪ್ಪ. ಕೇಬಲ್ ಇರ್ಲಿ. ಸೋಮವಾರ ನಾ ಟಿ.ವಿ.ಯಾಗ ಬರಾಂವ ಅದೇನಿ. ನನ್ನ ಮಗ ಮಲ್ಲ್ಯಾಗ ಲೆಕ್ಕಾ ಬರತೈತಿ, ಬುದ್ಧಿ ಇನ್ನೂ ಬರಬೇಕಾಗೇತಿ."

ಅವನನ್ನು ಮಲ್ಲ್ಯಾ ಎಂದು ಕರೆಯುವ ಗಂಡಸು ಈ ಭೂಮಿಯ ಮೇಲೆ ಉಳಿದಿರಲಿಲ್ಲ.

"ಅಜ್ಜಾರು ಟಿ.ವಿ.ಯಾಗ ಹಾಡ್ತಾರೇನ್ರಿ?" ಶಿವಾನಿ ಕೇಳಿದಳು.

"ಇಲ್ಲವಾ. ಸುಮ್ನ ನೋಡ್ತಾರ."

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಹೊಸ್ತಿಲ ಒಳಗೆ ಒಂದು ಕಾಲಿಟ್ಟಿದ್ದ. ಒಳಗತ್ತಲೆಯಿಂದ ಅದೇ ದನಿ ಪಡಸಾಲೆ ದಾಟಿ ಬಂತು.

"ಚಪ್ಪಲಿ ಹೊರಗ ಬಿಡಲೇ ಮಲ್ಲ್ಯಾ."

ಬೀಜದಂಗಡಿಯ ಯಜಮಾನ, ನರೆತ ಮೀಸೆಯವ, ಒಂದೇ ಏಟಿಗೆ ಸಾಲಿ ಹುಡುಗನಾಗಿ ಚಪ್ಪಲಿ ಕಳಚಿದ. ಗೋಡೆ ಸವರುತ್ತ ಬಚ್ಚಲತನಕ ಹೋದ. ಅಲ್ಲಿ ತಾಯವ್ವ ಖಾಲಿ ತಾಮ್ರದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಗೆ ಬಾಯಿ ಹಚ್ಚಿ ಕುಳಿತಿದ್ದಳು.

"ಯವ್ವಾ, ನೀನ ಏನು?"

"ಹಿತ್ತಲದಾಗ ನಿಂತು ಎಲ್ಲಾ ಕೇಳೇನಿ," ಎಂದಳು ತಾಯವ್ವ ಕೊಡ ಇಳಿಸುತ್ತ. "ನೀ ಬೈದು ಆಮ್ಯಾಲ ಕೆಮ್ಮಿದಿ. ಅವರು ಮದಲ ಕೆಮ್ಮತಿದ್ರು, ಆಮ್ಯಾಲ ಬೈತಿದ್ರು. ಜಲ್ಮಪೂರ್ತಿ ಬೈಸ್ಕೊಂಡಾಕಿ ನಾನೋ, ನೀನೋ?"

ಕಂಪನಿಯ ಚೀಟಿಗಳೆಲ್ಲ ಮರುದಿನ ಬೆಳಿಗ್ಗೆ ಒಲೆಗೆ ಹೋದವು.

ಸೋಮವಾರ ಸಂಜೆ ಅವನು ಅಂಗಡಿ ಮುಚ್ಚಿ ಓಡೋಡಿ ಬಂದು ಅವ್ವನ ಪಕ್ಕ ಕುಳಿತ. ಕಳೆದ ಎಮ್ಮೆ ಬಂದು ಹೋಯಿತು. ಶಹನಾಯಿ ಶುರುವಾಯಿತು. ರುಮಾಲು, ಮೀಸೆ, ನೆಟ್ಟ ಕಣ್ಣು: ಬಸಲಿಂಗಪ್ಪ ಬಂದ. ತಾಯವ್ವ ಸೆರಗು ಸರಿಮಾಡಿಕೊಂಡಳು.

ಆಗ ಯಾರೋ ಕೆಮ್ಮಿದರು.

ಮಲಕಾಜಪ್ಪ ನಗುತ್ತ ಅವ್ವನ ಕಡೆ ತಿರುಗಿದ. ತಾಯವ್ವನ ಬಾಯಿ ತುಂಬ ಎಲೆಯಡಿಕೆ. ತಾಮ್ರದ ಕೊಡ ಪದ್ಮವ್ವನ ಸೊಂಟದ ಮೇಲೆ, ತುಂಬಿದ ನೀರು ತುಳುಕಿಸುತ್ತ, ಬಾಗಿಲಲ್ಲೇ ನಿಂತುಬಿಟ್ಟಿತ್ತು. ಇಬ್ಬರೂ ಹೆಂಗಸರು ಅವನ ಕಾಲನ್ನು ನೋಡಿದರು.

ಅವಸರದಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡೇ ಒಳಬಂದು ಕುಳಿತಿದ್ದ.

ಬೈಗುಳ ಬರುವುದರೊಳಗೆ ಎದ್ದು ಹೊರಗೆ ಬಿಟ್ಟು ಬಂದ.